ಸಿಎನ್‌ಸಿ ರೂಟರ್ ಒಂದೊಂದು ಕಡೆ ಒಂದೊಂದು ಆಳ ಕೊರೆಯುತ್ತಿದೆಯೇ? ಕಾರಣ ಹುಡುಕುವ ಬಗೆ

ಸಿಎನ್‌ಸಿ ರೂಟರ್‌ಗೆ, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರಕ್ಕೆ, 2 ಮಿ.ಮೀ. ಆಳ ಕೊರೆಯಲು ಹೇಳಿದ್ದೀರಿ. ಹಲಗೆಯ ಎಡ ಮೂಲೆಯಲ್ಲಿ ಸರಿಯಾಗಿ 2 ಬಂದಿದೆ, ಬಲ ಮೂಲೆಯಲ್ಲಿ 1.6 ಮಾತ್ರ. ಅಥವಾ ಮೊದಲ ಅಕ್ಷರ ಚೆನ್ನಾಗಿದೆ, ಕೊನೆಯ ಅಕ್ಷರದ ಹೊತ್ತಿಗೆ ಬಿಟ್ (ಕೊರೆಯುವ ಅಲಗು) ಹಲಗೆಯನ್ನೇ ತೂರಿಕೊಂಡು ಹೋಗಿದೆ. ಹವ್ಯಾಸಕ್ಕೆ ಬಳಸುವ ಚಿಕ್ಕ ಸಿಎನ್‌ಸಿ ರೂಟರ್‌ಗಳಲ್ಲಿ ಈ ತೊಂದರೆ ಬಹಳ ಸಾಮಾನ್ಯ.

ಇಂಥ ಹೊತ್ತಿನಲ್ಲಿ ತುಂಬಾ ಜನ ಮೊದಲು ಕೈ ಹಾಕುವುದು ಝಡ್ ಅಕ್ಷದ, ಅಂದರೆ ಬಿಟ್ ಅನ್ನು ಮೇಲೆ ಕೆಳಗೆ ಮಾಡುವ ಭಾಗದ, ಸ್ಟೆಪ್ಸ್ ಸೆಟ್ಟಿಂಗ್‌ಗೆ. ಒಂದು ಮಿ.ಮೀ. ಚಲಿಸಲು ಮೋಟರ್ ಎಷ್ಟು ಸ್ಟೆಪ್ (ಪುಟ್ಟ ಹೆಜ್ಜೆ) ತಿರುಗಬೇಕು ಎಂಬ ಸಂಖ್ಯೆ ಅದು. ಜಿಆರ್‌ಬಿಎಲ್ ಎಂಬ ನಿಯಂತ್ರಣ ಸಾಫ್ಟ್‌ವೇರ್ ಬಳಸುವ ಯಂತ್ರಗಳಲ್ಲಿ ಅದರ ಹೆಸರು $102. ದಯವಿಟ್ಟು ಈಗಲೇ ಅದನ್ನು ಮುಟ್ಟಬೇಡಿ. ಆ ಸಂಖ್ಯೆ ತಪ್ಪಿದ್ದರೆ ಆಳ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ತಪ್ಪುತ್ತದೆ. ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಅಂತ ಆಗುವುದಿಲ್ಲ. ಸರಿಯಿದ್ದ ಸಂಖ್ಯೆಯನ್ನು ಬದಲಾಯಿಸಿದರೆ ಒಂದು ತಪ್ಪಿನ ಜಾಗದಲ್ಲಿ ಎರಡು ತಪ್ಪು ಕೂತುಕೊಳ್ಳುತ್ತವೆ. ಆಮೇಲೆ ಹುಡುಕುವುದು ಇನ್ನೂ ಕಷ್ಟ.

ಆಳ ಎಂದರೆ ಮರದ ಮೇಲ್ಮೈಗೂ ಬಿಟ್‌ನ ತುದಿಗೂ ಇರುವ ಅಂತರ, ಅಷ್ಟೇ. ಹಾಗಾಗಿ ತಪ್ಪಬಹುದಾದ ಜಾಗಗಳು ಮೂರೇ ಮೂರು. ಬಿಟ್ ತನ್ನನ್ನು ಹಿಡಿದಿರುವ ಕಾಲೆಟ್‌ನಲ್ಲಿ ಜಾರಿರಬಹುದು. ಝಡ್ ಅಕ್ಷ ತಾನಿರಬೇಕಾದ ಎತ್ತರದಲ್ಲಿ ಇಲ್ಲದಿರಬಹುದು. ಇಲ್ಲವೇ ಮರ ನೀವು ಅಂದುಕೊಂಡ ಎತ್ತರದಲ್ಲಿ ಇಲ್ಲದಿರಬಹುದು. ಈ ಮೂರರಲ್ಲಿ ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಸ್ಪ್ಯಾನರ್ ಹಿಡಿಯುವುದು ಅದಾದ ಮೇಲೆ.

ಹಾಳಾದ ಹಲಗೆಯನ್ನು ಮೊದಲು ಓದಿ

ಕೆಟ್ಟುಹೋದ ತುಂಡನ್ನು ಎಸೆಯಬೇಡಿ. ಯಂತ್ರದಲ್ಲಿ ಏನಾಗಿದೆ ಎಂಬ ಸುಳಿವು ಅದರ ಮೇಲೇ ಇದೆ. ವರ್ನಿಯರ್‌ನ ತುದಿಯಿಂದ ಹೊರಬರುವ ಆಳದ ಕಡ್ಡಿಯಿಂದ ಎಂಟು-ಹತ್ತು ಜಾಗದಲ್ಲಿ ಆಳ ಅಳೆಯಿರಿ. ಅಳತೆಯನ್ನು ಅಲ್ಲೇ ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆಯಿರಿ. ಜೊತೆಗೆ ಯಂತ್ರ ಯಾವುದನ್ನು ಮೊದಲು ಕೊರೆಯಿತು, ಯಾವುದನ್ನು ಆಮೇಲೆ ಎಂಬ ಕ್ರಮವನ್ನೂ ಗುರುತು ಮಾಡಿ.

ಈಗ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಆಳ ಬದಲಾಗುತ್ತಿರುವುದು ಜಾಗಕ್ಕೆ ತಕ್ಕಂತೆಯೋ, ಹೊತ್ತಿಗೆ ತಕ್ಕಂತೆಯೋ?

ಎಡದಿಂದ ಬಲಕ್ಕೆ ನಿಧಾನವಾಗಿ ಕಡಿಮೆಯಾಗುತ್ತಾ ಹೋಗಿದ್ದರೆ, ಅಥವಾ ನಡುವೆ ಮಾತ್ರ ಬೇರೆಯಾಗಿದ್ದರೆ ಅದು ಜಾಗದ ತಪ್ಪು. ಹಲಗೆ ಡೊಂಕಾಗಿದೆ, ಬೆಡ್ (ಹಲಗೆ ಇಡುವ ಮೇಜು) ಓರೆಯಾಗಿದೆ ಅಥವಾ ಗ್ಯಾಂಟ್ರಿ (ಅದರ ಮೇಲಿನ ಅಡ್ಡ ಚೌಕಟ್ಟು) ಬಾಗುತ್ತಿದೆ. ಮೊದಲು ಕೊರೆದದ್ದು ಸರಿಯಿದ್ದು, ಆಮೇಲಿನದು ಎಲ್ಲಿದ್ದರೂ ತಪ್ಪಿದ್ದರೆ ಅದು ಹೊತ್ತಿನ ತಪ್ಪು. ಬಿಟ್ ಜಾರುತ್ತಿದೆ ಅಥವಾ ಝಡ್ ಮೋಟರ್ ಸ್ಟೆಪ್ ಕಳೆದುಕೊಳ್ಳುತ್ತಿದೆ, ಅಂದರೆ ಹೇಳಿದಷ್ಟು ತಿರುಗುತ್ತಿಲ್ಲ. ಒಂದು ಕಡೆಯಿಂದ ಮಾತ್ರ ದಿಢೀರನೆ ಬದಲಾಗಿದ್ದರೆ, ಆ ಕ್ಷಣದಲ್ಲಿ ಏನೋ ಒಂದು ಜಾರಿದೆ ಅಥವಾ ಮರವೇ ಎದ್ದಿದೆ. ಯಾವ ಲೆಕ್ಕಕ್ಕೂ ಸಿಗದೆ ಅಲ್ಲಲ್ಲಿ ಹೆಚ್ಚು ಕಡಿಮೆ ಆಗಿದ್ದರೆ ಎಲ್ಲೋ ಸಡಿಲವಿದೆ.

ನೋಡಿದರೆ ಗೊತ್ತಾಗುತ್ತಿಲ್ಲವೇ? ಹಾಗಾದರೆ ಎರಡು ಚಿಕ್ಕ ಪರೀಕ್ಷೆ ಮಾಡಿ. ಒಂದು ಹೊಸ ಹಲಗೆಯಲ್ಲಿ 0.5 ಮಿ.ಮೀ. ಆಳದ ಚಿಕ್ಕ ಚೌಕಗಳನ್ನು ಮೂಲೆಗಳಲ್ಲಿ ಮತ್ತು ನಡುವೆ ಕೊರೆಯಿರಿ. ಆಮೇಲೆ ಹಲಗೆಯನ್ನು ಪೂರ್ತಿ ಅರ್ಧ ಸುತ್ತು ತಿರುಗಿಸಿ ಕಟ್ಟಿ. ಮೊದಲಿನ ಚೌಕಗಳ ಮೇಲೆ ಬೀಳದ ಹಾಗೆ ಸ್ವಲ್ಪ ಸರಿಸಿ ಅದನ್ನೇ ಮತ್ತೆ ಕೊರೆಯಿರಿ. ಕಡಿಮೆ ಆಳದ ಬದಿ ಹಲಗೆಯ ಜೊತೆಗೇ ತಿರುಗಿದರೆ ತಪ್ಪು ಹಲಗೆಯದು. ಯಂತ್ರದ ಅದೇ ಬದಿಯಲ್ಲಿ ಉಳಿದರೆ ತಪ್ಪು ಬೆಡ್ ಅಥವಾ ಗ್ಯಾಂಟ್ರಿಯದು. ಎರಡನೆಯ ಪರೀಕ್ಷೆಯಲ್ಲಿ ಚೌಕಗಳನ್ನು ಹಿಂದುಮುಂದು ಕ್ರಮದಲ್ಲಿ ಕೊರೆಯಿರಿ. ತಪ್ಪು ಕ್ರಮದ ಜೊತೆ ಹೋದರೆ ಅದು ಹೊತ್ತಿನ ತಪ್ಪು. ಈ ಎರಡು ಪರೀಕ್ಷೆಗೆ ಹೋಗುವ ಹೊತ್ತು, ಊಹೆ ಮಾಡಿಕೊಂಡು ಒಂದೊಂದೇ ಸ್ಕ್ರೂ ಬಿಗಿಯುವುದಕ್ಕಿಂತ ತುಂಬಾ ಕಡಿಮೆ.

ಸೊನ್ನೆಗೆ ವಾಪಸ್ ಹೋಗಿ ನೋಡಿ

ಒಂದೇ ಒಂದು ಪರೀಕ್ಷೆ ಮಾಡಲು ಪುರುಸೊತ್ತು ಇದೆ ಎಂದರೆ ನಾನು ಇದನ್ನೇ ಮಾಡಿ ಎನ್ನುತ್ತೇನೆ. ಕೆಲಸ ಶುರು ಮಾಡುವ ಮೊದಲು ಮೂರು ಗುರುತು ಹಾಕಿ:

1. ಬಿಟ್‌ನ ದಂಡ ಕಾಲೆಟ್ ನಟ್‌ನಿಂದ ಹೊರಬರುವ ಜಾಗದಲ್ಲಿ ಮಾರ್ಕರ್‌ನಿಂದ ಸುತ್ತಲೂ ತೆಳು ಗೀಟು.
2. ಸ್ಪಿಂಡಲ್‌ನ (ಬಿಟ್ ತಿರುಗಿಸುವ ಮೋಟರ್‌ನ) ಮೈಗೂ ಅದನ್ನು ಹಿಡಿದ ಮೌಂಟ್‌ಗೂ ಅಡ್ಡವಾಗಿ ಒಂದು ಗೀಟು.
3. ಝಡ್ ಮೋಟರ್‌ನ ಶಾಫ್ಟ್, ಝಡ್ ಅನ್ನು ಏರಿಸಿ ಇಳಿಸುವ ಲೀಡ್ ಸ್ಕ್ರೂ, ಇವೆರಡನ್ನು ಜೋಡಿಸುವ ಕಪ್ಲರ್ ಮೂರನ್ನೂ ದಾಟುವ ಒಂದು ಉದ್ದ ಗೀಟು.

ಝಡ್ ಸೊನ್ನೆಯನ್ನು, ಅಂದರೆ ಆಳ ಅಳೆಯಲು ಶುರು ಮಾಡುವ ಎತ್ತರವನ್ನು, ಕೊರೆಯದೇ ಉಳಿಯುವ ಒಂದು ಜಾಗದಲ್ಲಿ ತೆಗೆದುಕೊಳ್ಳಿ. ಕೆಲಸ ಮುಗಿದ ತಕ್ಷಣ ಏನನ್ನೂ ಬಿಚ್ಚಬೇಡಿ, ಯಂತ್ರ ಆಫ್ ಮಾಡಬೇಡಿ. ಸ್ಪಿಂಡಲ್ ಮಾತ್ರ ನಿಲ್ಲಿಸಿ, ಮೊದಲು ಸೊನ್ನೆ ತೆಗೆದ ಅದೇ ಜಾಗಕ್ಕೆ ಹೋಗಿ, ಮೊದಲು ಬಳಸಿದ ಅದೇ ಪ್ರೋಬ್ (ಬಿಟ್ ತಾಗಿದ್ದನ್ನು ಯಂತ್ರಕ್ಕೆ ತಿಳಿಸುವ ಪ್ಲೇಟ್) ಅಥವಾ ಅದೇ ಕಾಗದದಿಂದ ಮತ್ತೆ ಸೊನ್ನೆ ನೋಡಿ.

ಸೊನ್ನೆ ಹಾಗೇ ಇದೆ, ಆದರೂ ಆಳ ತಪ್ಪಿದೆ ಎಂದರೆ ಝಡ್ ಅಕ್ಷ ಮತ್ತು ಬಿಟ್ ಜಾರಿಲ್ಲ. ಮರ, ಬೆಡ್ ಅಥವಾ ಕೊರೆಯುವಾಗಿನ ಬಾಗುವಿಕೆಯ ಕಡೆ ಹೋಗಿ.

ಸೊನ್ನೆ ಬದಲಾಗಿದ್ದರೆ ಗುರುತುಗಳನ್ನು ನೋಡಿ. ಮೊದಲನೆಯದು ಸರಿದಿದ್ದರೆ ಬಿಟ್ ಜಾರಿದೆ. ಎರಡನೆಯದು ಸರಿದಿದ್ದರೆ ಸ್ಪಿಂಡಲ್ ಮೌಂಟ್‌ನಲ್ಲಿ ಇಳಿದಿದೆ. ಮೂರನೆಯ ಗೀಟು ಮುರಿದಿದ್ದರೆ ಕಪ್ಲರ್ ಜಾರಿದೆ. ಮೂರೂ ಸರಿಯಿದ್ದರೆ ಮೋಟರ್ ಸ್ಟೆಪ್ ಕಳೆದುಕೊಂಡಿದೆ ಎಂದು ತಿಳಿಯಿರಿ.

ಸ್ಟೆಪ್ ಕಳೆದುಹೋದದ್ದು ಯಾವ ದಿಕ್ಕಿನಲ್ಲಿ ಎಂಬುದೂ ಇಲ್ಲಿಯೇ ಸಿಗುತ್ತದೆ. ಆಳ ಹೆಚ್ಚುತ್ತಾ ಹೋಗಿದ್ದರೆ ಝಡ್ ಮೇಲೆ ಏಳುವಾಗ ಸೋತಿದೆ. ಸ್ಪಿಂಡಲ್‌ನ ಭಾರ ಎತ್ತಲಾಗದೆ ಅರ್ಧಕ್ಕೇ ನಿಂತಿದೆ, ಆದರೆ ಕಂಟ್ರೋಲರ್ ಪೂರ್ತಿ ಎದ್ದಿದೆ ಎಂದೇ ನಂಬಿದೆ. ಆಳ ಕಡಿಮೆಯಾಗುತ್ತಾ ಹೋಗಿದ್ದರೆ ಕೆಳಗೆ ಇಳಿಯುವಾಗ, ಅಂದರೆ ಬಿಟ್ ಮರಕ್ಕೆ ಹೊಗುವಾಗ ಸೋತಿದೆ.

ಬಿಟ್ ಮತ್ತು ಕಾಲೆಟ್

ಮರ ಕೊರೆಯಲು ಬಳಸುವ ಅಪ್‌ಕಟ್ ಬಿಟ್ ಚಕ್ಕೆಗಳನ್ನು ಮೇಲೆ ಎತ್ತುತ್ತದೆ. ಎತ್ತುವಾಗ ತಿರುಪಿನ ಹಾಗೆ ತನ್ನನ್ನು ತಾನೇ ಕೆಳಗೆ ಎಳೆದುಕೊಳ್ಳುತ್ತದೆ. ಕಾಲೆಟ್ ಹಿಡಿತ ಸ್ವಲ್ಪ ಕಮ್ಮಿಯಾದರೂ ಬಿಟ್ ಹೊರಗೆ ಜಾರಿ ಆಳ ಹೆಚ್ಚುತ್ತದೆ. ಡೌನ್‌ಕಟ್ ಬಿಟ್‌ನಲ್ಲಿ ಇದು ಉಲ್ಟಾ. ಅದು ಕಾಲೆಟ್ ಒಳಗೆ ಹೋಗಲು ನೋಡುತ್ತದೆ, ಆಳ ಕಡಿಮೆಯಾಗುತ್ತದೆ.

ಚಿಕ್ಕ ಸ್ಪಿಂಡಲ್‌ಗಳಲ್ಲಿ ಹೆಚ್ಚಾಗಿ ಇರುವುದು ಇಆರ್11 ಕಾಲೆಟ್. ಇದನ್ನು ಜೋಡಿಸುವ ಕ್ರಮ ಮುಖ್ಯ. ಮೊದಲು ಕಾಲೆಟ್ ಅನ್ನು ಓರೆಯಾಗಿ ಹಿಡಿದು ನಟ್ ಒಳಗೆ ಒತ್ತಬೇಕು. ಟಕ್ ಎಂದು ಕೂರುತ್ತದೆ. ಆಮೇಲೆ ನಟ್ ಅನ್ನು ಸ್ಪಿಂಡಲ್‌ಗೆ ಹಾಕಿ, ಕೊನೆಗೆ ಬಿಟ್ ಹಾಕಬೇಕು. ಕಾಲೆಟ್ ಅನ್ನು ಸ್ಪಿಂಡಲ್ ಒಳಗೆ ಬಿಟ್ಟು ಮೇಲಿಂದ ನಟ್ ತಿರುಗಿಸಿದರೆ ಅದು ಸೊಟ್ಟ ಕೂರುತ್ತದೆ. ಎಷ್ಟು ಬಿಗಿದರೂ ಹಿಡಿತ ಸರಿ ಬರುವುದಿಲ್ಲ.

ಬಿಟ್‌ನ ದಂಡ ಕಾಲೆಟ್‌ನ ಪೂರ್ತಿ ಉದ್ದಕ್ಕೂ ಒಳಗೆ ಇರಲಿ. ತಳ ಮುಟ್ಟುವ ತನಕ ಒತ್ತಿ, ಆಮೇಲೆ 1-2 ಮಿ.ಮೀ. ಹೊರಗೆ ಎಳೆದು ಬಿಗಿಯಿರಿ. ತಳಕ್ಕೆ ತಾಗಿಸಿಯೇ ಬಿಗಿದರೆ ಕಾಲೆಟ್ ಮುಚ್ಚಿಕೊಳ್ಳುವಾಗ ಸರಿಯಾಗಿ ಹಿಡಿಯಲಾರದು. ಕಾಲೆಟ್‌ನ ಸೀಳುಗಳಲ್ಲಿ ಮರದ ಪುಡಿ ಸೇರಿರುತ್ತದೆ, ದಂಡದ ಮೇಲೆ ಹೊಸ ಬಿಟ್‌ನ ಎಣ್ಣೆ ಇರುತ್ತದೆ. ಎರಡನ್ನೂ ಒರೆಸಿ. ಅಳತೆಯೂ ತಾಳೆಯಾಗಬೇಕು. ಟ್ರಿಮ್ ರೂಟರ್‌ನ 6.35 ಮಿ.ಮೀ. ಕಾಲೆಟ್‌ಗೆ 6 ಮಿ.ಮೀ. ಬಿಟ್ ಹಾಕಿ ಜೋರಾಗಿ ಬಿಗಿದರೆ ಆಯಿತು ಎಂದುಕೊಳ್ಳಬೇಡಿ. ಅದು ಜಾರೇ ಜಾರುತ್ತದೆ. ಒಳಗೆ ಗೀರು ಬಿದ್ದ, ಬಾಯಿ ಅಗಲವಾದ ಕಾಲೆಟ್ ಅನ್ನು ರಿಪೇರಿ ಮಾಡಲು ಹೋಗಬೇಡಿ, ಬದಲಾಯಿಸಿ.

ಕಾಲೆಟ್‌ಗೆ ಕೈ ಹಾಕುವ ಮೊದಲು ಸ್ಪಿಂಡಲ್‌ನ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸಾಫ್ಟ್‌ವೇರ್ ಅದನ್ನು ತಾನಾಗಿಯೇ ಶುರು ಮಾಡಬಲ್ಲದು.

ಝಡ್ ಅಕ್ಷ

ಹೊತ್ತಿನ ತಪ್ಪುಗಳಲ್ಲಿ ಜಾಸ್ತಿ ಪಾಲು ಇಲ್ಲಿಯೇ ಸಿಗುವುದು. ಹಾಗಾಗಿ ನಿಧಾನವಾಗಿ ನೋಡೋಣ.

ಮೊದಲು ಸಡಿಲ ಹುಡುಕಿ. ಮೋಟರ್‌ಗಳಿಗೆ ಕರೆಂಟ್ ಇರಲಿ, ಸ್ಪಿಂಡಲ್ ಪ್ಲಗ್ ಹೊರಗಿರಲಿ. ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇರುವ ಡಯಲ್ ಗೇಜ್ ಅನ್ನು ಬೆಡ್ ಮೇಲೆ ಗಟ್ಟಿಯಾಗಿ ನಿಲ್ಲಿಸಿ, ಅದರ ಮೊನೆ ಕಾಲೆಟ್ ನಟ್‌ನ ಅಡಿಗೆ ತಾಗುವಂತೆ ಇಡಿ. ಬೆಡ್ ಅಲ್ಯೂಮಿನಿಯಂ ಆದರೆ ಒಂದು ಉಕ್ಕಿನ ಪಟ್ಟಿಯನ್ನು ಬೋಲ್ಟ್ ಮಾಡಿ ಅದರ ಮೇಲೆ ಇಡಿ. ಈಗ ಸ್ಪಿಂಡಲ್ ಅನ್ನು ಕೈಯಿಂದ ಮೇಲೆ ಎತ್ತಿ, ಕೆಳಗೆ ಒತ್ತಿ. ಮುಳ್ಳು ಎಷ್ಟು ಅಲ್ಲಾಡುತ್ತದೆಯೋ ಅಷ್ಟು ಆಳ ಯಾವಾಗ ಬೇಕಾದರೂ ತಪ್ಪಬಹುದು. ಮುಳ್ಳು ಅಲ್ಲಾಡಿ ವಾಪಸ್ ಮೊದಲಿನ ಜಾಗಕ್ಕೇ ಬಂದರೆ ಏನೋ ಬಾಗುತ್ತಿದೆ. ಬಿಟ್ಟ ಜಾಗದಲ್ಲೇ ನಿಂತರೆ ನಟ್ ಅಥವಾ ಬೇರಿಂಗ್ ಸಡಿಲವಿದೆ. ಈ ವ್ಯತ್ಯಾಸ ನೆನಪಿರಲಿ.

ಸಡಿಲ ಸಿಕ್ಕರೆ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬೆರಳಿಟ್ಟು ನೋಡುತ್ತಾ ಬನ್ನಿ. ಲೀಡ್ ಸ್ಕ್ರೂ ತಾನೇ ಮೇಲೆ ಕೆಳಗೆ ಆಡುತ್ತಿದೆಯೇ? ಹಾಗಾದರೆ ಅದರ ಬೇರಿಂಗ್ ಅಥವಾ ಕಪ್ಲರ್ ಸಮಸ್ಯೆ. ಸ್ಕ್ರೂ ನಿಂತಿದೆ, ಕ್ಯಾರೇಜ್ (ಸ್ಪಿಂಡಲ್ ಹೊತ್ತ ಭಾಗ) ಮಾತ್ರ ಆಡುತ್ತಿದೆಯೇ? ನಟ್ ಸವೆದಿದೆ ಅಥವಾ ಅದರ ಬ್ಯಾಕ್‌ಲ್ಯಾಶ್ (ಥ್ರೆಡ್‌ನ ಸಡಿಲ) ತೆಗೆಯುವ ಸ್ಪ್ರಿಂಗ್ ಸತ್ತಿದೆ. ಕ್ಯಾರೇಜ್ ನಿಂತಿದೆ, ಸ್ಪಿಂಡಲ್ ಆಡುತ್ತಿದೆಯೇ? ಮೌಂಟ್ ಸ್ಕ್ರೂ ನೋಡಿ. ವಿ-ಚಕ್ರದ ಯಂತ್ರವಾದರೆ ಚಕ್ರಗಳ ಎಕ್ಸೆಂಟ್ರಿಕ್ ನಟ್ ತಿರುಗಿಸಿ ಬಿಗಿ ಮಾಡಿ. ಚಕ್ರವನ್ನು ಎರಡು ಬೆರಳಲ್ಲಿ ಹಿಡಿದರೆ ಸ್ವಲ್ಪ ಬಲ ಹಾಕಿದಾಗ ಮಾತ್ರ ಜಾರುವಷ್ಟು ಬಿಗಿ ಸಾಕು.

ಕಪ್ಲರ್ ಬಗ್ಗೆ ಒಂದು ಮಾತು. ಸುತ್ತಲೂ ಸುರುಳಿ ಸೀಳು ಇರುವ ಅಲ್ಯೂಮಿನಿಯಂ ಕಪ್ಲರ್ ತುಂಬಾ ಯಂತ್ರಗಳಲ್ಲಿ ಬರುತ್ತದೆ. ಎಕ್ಸ್ ಮತ್ತು ವೈ ಅಕ್ಷಕ್ಕೆ ಅದು ನಡೆಯುತ್ತದೆ. ಝಡ್‌ನಲ್ಲಿ ಲೀಡ್ ಸ್ಕ್ರೂ ತನ್ನದೇ ಥ್ರಸ್ಟ್ ಬೇರಿಂಗ್ ಮೇಲೆ ಕೂತಿಲ್ಲದಿದ್ದರೆ ಸ್ಪಿಂಡಲ್‌ನ ಭಾರವೆಲ್ಲ ಆ ಕಪ್ಲರ್‌ಗೆ ಜೋತುಬೀಳುತ್ತದೆ. ಆಗ ಅದು ಸ್ಪ್ರಿಂಗ್ ಆಗಿ ಹಿಗ್ಗುತ್ತದೆ, ಕುಗ್ಗುತ್ತದೆ. ನೀವು ಒತ್ತಿದಾಗ ಮುಳ್ಳು ಅಲ್ಲಾಡಿ ವಾಪಸ್ ಬರುವುದಕ್ಕೆ ಇದೂ ಒಂದು ಕಾರಣ. ಸ್ಕ್ರೂನ ಮೇಲ್ತುದಿಗೆ ಸರಿಯಾದ ಬೇರಿಂಗ್ ಬ್ಲಾಕ್ ಮತ್ತು ಲಾಕ್ ಕಾಲರ್ ಹಾಕುವುದೇ ಇದಕ್ಕೆ ಮದ್ದು. ಬರೀ ಗಟ್ಟಿ ಕಪ್ಲರ್ ಹಾಕಿದರೆ ಭಾರ ಮೋಟರ್‌ನ ಬೇರಿಂಗ್ ಮೇಲೆ ಬೀಳುತ್ತದೆ. ಕಪ್ಲರ್‌ನ ಗ್ರಬ್ ಸ್ಕ್ರೂಗಳನ್ನು ಬಿಗಿಯುವಾಗ ಒಂದಾದರೂ ಮೋಟರ್ ಶಾಫ್ಟ್‌ನ ಚಪ್ಪಟೆ ಭಾಗದ ಮೇಲೆ ಕೂರಲಿ. ಥ್ರೆಡ್‌ಗೆ ಕಳಚುವಂಥ ಲಾಕಿಂಗ್ ಅಂಟು ಒಂದು ಹನಿ ಹಾಕಿದರೆ ಅದುರಾಟಕ್ಕೆ ಬಿಚ್ಚಿಕೊಳ್ಳುವುದಿಲ್ಲ.

ಎಲ್ಲವೂ ಗಟ್ಟಿಯಿದೆ, ಆದರೂ ಸೊನ್ನೆ ಬದಲಾಗುತ್ತಿದೆ. ಆಗ ಸ್ಟೆಪ್ ಕಡೆ ಬನ್ನಿ. ಈ ಯಂತ್ರಗಳ ಸ್ಟೆಪ್ಪರ್ ಮೋಟರ್‌ಗೆ ತಾನು ಎಲ್ಲಿದ್ದೇನೆ ಎಂದು ತಿರುಗಿ ಹೇಳುವ ವ್ಯವಸ್ಥೆ ಇರುವುದಿಲ್ಲ. ಕಂಟ್ರೋಲರ್ ಪಲ್ಸ್ ಕಳಿಸುತ್ತದೆ, ಮೋಟರ್ ತಿರುಗಿತು ಎಂದು ನಂಬುತ್ತದೆ. ಸೋತರೂ ಅದಕ್ಕೆ ಗೊತ್ತಾಗುವುದಿಲ್ಲ.

ಗಾಳಿಯಲ್ಲೇ ಪರೀಕ್ಷೆ ಮಾಡಿ. ಝಡ್ ಅನ್ನು 20 ಮಿ.ಮೀ. ಮೇಲೆ, ಮತ್ತೆ ಕೆಳಗೆ, ಹೀಗೆ 50 ಸಲ ಓಡಿಸುವ ಚಿಕ್ಕ ಫೈಲ್ ಬರೆದು ಪೂರ್ತಿ ವೇಗದಲ್ಲಿ ಹಾಕಿ. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಡಯಲ್ ಗೇಜ್ ನೋಡಿ. ವ್ಯತ್ಯಾಸ ಬಂದರೆ $112, ಅಂದರೆ ಝಡ್‌ನ ಗರಿಷ್ಠ ವೇಗ, ಮತ್ತು $122, ಅಂದರೆ ಅದರ ವೇಗೋತ್ಕರ್ಷ, ಎರಡನ್ನೂ ಅರ್ಧಕ್ಕೆ ಇಳಿಸಿ ಮತ್ತೆ ಓಡಿಸಿ. ತಪ್ಪು ಮಾಯವಾದರೆ ಸ್ಟೆಪ್ ಕಳೆದುಹೋಗುತ್ತಿದ್ದದ್ದು ಖಚಿತ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ವೇಗ ಇಳಿಸಿದ್ದು ರೋಗ ಪತ್ತೆಗೆ. ಮೋಟರ್‌ಗೆ ಯಾಕೆ ಕಷ್ಟವಾಗುತ್ತಿತ್ತು ಎಂದು ಹುಡುಕಿ. ಕರೆಂಟ್ ತೆಗೆದು ಲೀಡ್ ಸ್ಕ್ರೂ ಅನ್ನು ಕೈಯಲ್ಲಿ ತಿರುಗಿಸಿ. ಇಡೀ ಓಟದಲ್ಲಿ ಒಂದೇ ಹದದಲ್ಲಿ ತಿರುಗಬೇಕು. ಒಂದು ಕಡೆ ಮಾತ್ರ ಬಿಗಿಯಾದರೆ ಸ್ಕ್ರೂ ಬಾಗಿದೆ, ಅಥವಾ ನಟ್ ಮತ್ತು ರೈಲು ಒಂದೇ ಸಾಲಿನಲ್ಲಿ ಇಲ್ಲ. ಸ್ಕ್ರೂನಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪುಡಿ ಗ್ರೀಸ್ ಜೊತೆ ಸೇರಿ ಗಟ್ಟಿಯಾಗಿದ್ದರೂ ಹೀಗೇ ಆಗುತ್ತದೆ. ಒರೆಸಿ, ಹೊಸದಾಗಿ ತೆಳುವಾಗಿ ಎಣ್ಣೆ ಹಚ್ಚಿ.

ಅರ್ಧ ಗಂಟೆ ಸರಿಯಿದ್ದು ಆಮೇಲೆ ಕೆಡುವ ಯಂತ್ರದಲ್ಲಿ ಮೋಟರ್‌ಗೆ ಕರೆಂಟ್ ಕೊಡುವ ಡ್ರೈವರ್‌ನ ಬಿಸಿಯನ್ನು ಅನುಮಾನಿಸಿ. ಡ್ರೈವರ್ ಚಿಪ್ ತುಂಬಾ ಕಾದರೆ ತನ್ನನ್ನು ಉಳಿಸಿಕೊಳ್ಳಲು ಕ್ಷಣ ಹೊತ್ತು ಆಫ್ ಆಗುತ್ತದೆ. ಅಷ್ಟರಲ್ಲಿ ಝಡ್ ಇಳಿದಿರುತ್ತದೆ. ಹೀಟ್ ಸಿಂಕ್ ಅಂಟಿದೆಯೇ, ಫ್ಯಾನ್ ತಿರುಗುತ್ತಿದೆಯೇ ನೋಡಿ. ಕರೆಂಟ್ ಜಾಸ್ತಿ ಇಟ್ಟರೆ ಚಿಪ್ ಕಾಯುತ್ತದೆ, ಕಮ್ಮಿ ಇಟ್ಟರೆ ಮೋಟರ್ ಸೋಲುತ್ತದೆ. ಎ4988 ಡ್ರೈವರ್‌ನಲ್ಲಿ ಲೆಕ್ಕ ಸುಲಭ: ವಿ-ರೆಫ್ (ಕರೆಂಟ್ ಮಿತಿ ಇಡುವ) ವೋಲ್ಟೇಜ್ = ಕರೆಂಟ್ × 8 × ಸೆನ್ಸ್ ರೆಸಿಸ್ಟರ್. ರೆಸಿಸ್ಟರ್ 0.1 ಓಮ್ ಇದ್ದು ನಿಮಗೆ 1 ಆಂಪಿಯರ್ ಬೇಕಿದ್ದರೆ 0.8 ವೋಲ್ಟ್. ರೆಸಿಸ್ಟರ್‌ನ ಓಮ್ ಸಂಖ್ಯೆ ಬೋರ್ಡಿನಿಂದ ಬೋರ್ಡಿಗೆ ಬೇರೆ ಇರುತ್ತದೆ, ಆದ್ದರಿಂದ ನಿಮ್ಮ ಬೋರ್ಡ್ ಮೇಲೆ ಬರೆದಿರುವುದನ್ನು ಓದಿಯೇ ಲೆಕ್ಕ ಹಾಕಿ.

ಇನ್ನೊಂದು ಸೆಟ್ಟಿಂಗ್ ಸುಮ್ನೆ ಕೂತು ಕಾಟ ಕೊಡುತ್ತದೆ, $1. ಯಂತ್ರ ನಿಂತ ಮೇಲೆ ಎಷ್ಟು ಹೊತ್ತಿಗೆ ಮೋಟರ್‌ಗಳ ಕರೆಂಟ್ ತೆಗೆಯಬೇಕು ಎಂಬುದು ಇದರ ಕೆಲಸ. ಜಿಆರ್‌ಬಿಎಲ್‌ನಲ್ಲಿ ಇದು ಸಾಮಾನ್ಯವಾಗಿ 25 ಮಿಲಿಸೆಕೆಂಡ್ ಇರುತ್ತದೆ. ಅಂದರೆ ಬಿಟ್ ಬದಲಾಯಿಸಲು ಯಂತ್ರ ನಿಂತ ಕೂಡಲೇ ಝಡ್‌ಗೆ ಹಿಡಿತವೇ ಇಲ್ಲ. ಒಂದು ಸುತ್ತಿಗೆ 8 ಮಿ.ಮೀ. ಚಲಿಸುವ ಲೀಡ್ ಸ್ಕ್ರೂ ಇದ್ದರೆ ಭಾರದ ಸ್ಪಿಂಡಲ್ ತಾನಾಗಿಯೇ ಇಳಿಯಬಹುದು. ಸ್ಪ್ಯಾನರ್ ಹಾಕಿ ಕಾಲೆಟ್ ಬಿಗಿಯುವಾಗಲಂತೂ ಅಲುಗದೇ ಇರುವುದಿಲ್ಲ. $1ಕ್ಕೆ 255 ಕೊಟ್ಟರೆ ಮೋಟರ್‌ಗಳು ಯಾವಾಗಲೂ ಹಿಡಿದುಕೊಂಡೇ ಇರುತ್ತವೆ. ಮೋಟರ್ ಸ್ವಲ್ಪ ಬೆಚ್ಚಗಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಬಿಟ್ ಬದಲಾಯಿಸಿದ ಮೇಲೆ ಮಾತ್ರ ಆಳ ತಪ್ಪುತ್ತಿದೆ ಎನ್ನುವವರು ಇದನ್ನೇ ಮೊದಲು ನೋಡಿ.

ಈಗ $102. ಲೀಡ್ ಸ್ಕ್ರೂ ಒಂದು ಸುತ್ತಿಗೆ 8 ಮಿ.ಮೀ., ಮೋಟರ್ ಸುತ್ತಿಗೆ 200 ಸ್ಟೆಪ್, ಸ್ಟೆಪ್‌ಗೆ 16 ಮೈಕ್ರೋಸ್ಟೆಪ್ ಆದರೆ 200 × 16 ÷ 8 = 400. ಸುತ್ತಿಗೆ 2 ಮಿ.ಮೀ. ಆದರೆ 1600. ನಿಮ್ಮ ಸೆಟ್ಟಿಂಗ್ ಈ ಲೆಕ್ಕಕ್ಕೆ ಹೊಂದಿದ್ದರೆ ಅದನ್ನು ಹಾಗೇ ಬಿಡಿ. ಸ್ಕ್ರೂನ ಅಳತೆ ತಾನಾಗಿ ಬದಲಾಗುವುದಿಲ್ಲ, ಅಲ್ವಾ?

ಬೆಡ್ ಮತ್ತು ಮರ

ಜಾಗದ ತಪ್ಪು ಎಂದು ಗೊತ್ತಾದವರಿಗೆ ಈ ಭಾಗ.

ಬಿಟ್ ಬೆಡ್‌ಗೆ ತಾಗದಂತೆ ಅದರ ಮೇಲೆ ಹಾಕುವ ಎಂಡಿಎಫ್ ಸ್ಪಾಯಿಲ್‌ಬೋರ್ಡ್ ತೇವ ಹೀರಿ ಉಬ್ಬುತ್ತದೆ. ಹೊಸದಾಗಿ ಹಾಕಿದಾಗ ಸಮವಾಗಿದ್ದದ್ದು ಮಳೆಗಾಲ ಕಳೆದ ಮೇಲೂ ಹಾಗೇ ಇರುತ್ತದೆ ಎಂದು ನಂಬಬೇಡಿ. ಒಳ್ಳೆಯ ಸಂಗತಿ ಏನೆಂದರೆ ಅದನ್ನು ಸರಿಮಾಡುವ ಸಾಧನ ನಿಮ್ಮ ಯಂತ್ರವೇ. ಬೋರ್ಡನ್ನು ಯಂತ್ರದಿಂದಲೇ ಕೆತ್ತಿ ಸಮ ಮಾಡಿದರೆ ಅದು ಗ್ಯಾಂಟ್ರಿ ಓಡುವ ದಾರಿಗೆ ಸರಿಸಮವಾಗುತ್ತದೆ. ನೆಲಕ್ಕೆ ಸಮವಾಗಬೇಕಿಲ್ಲ, ಸ್ಪಿರಿಟ್ ಲೆವೆಲ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಬೋರ್ಡಿನ ಸ್ಕ್ರೂ ತಲೆಗಳು ಚೆನ್ನಾಗಿ ಒಳಗೆ ಹೋಗಿವೆಯೇ ನೋಡಿ. ಮೇಲೆಲ್ಲ ಪೆನ್ಸಿಲ್‌ನಿಂದ ಗೀಟು ಹಾಕಿ. 22-25 ಮಿ.ಮೀ. ಅಗಲದ ಸರ್ಫೇಸಿಂಗ್ ಬಿಟ್ ಹಾಕಿ, ಬೋರ್ಡಿನ ಅತಿ ಎತ್ತರದ ಜಾಗದಲ್ಲಿ ಸೊನ್ನೆ ತೆಗೆದುಕೊಳ್ಳಿ. ಒಂದು ಪಾಸ್‌ಗೆ 0.3 ಮಿ.ಮೀ., ಪಕ್ಕದ ಸರಿತ ಬಿಟ್ ಅಗಲದ ಶೇ 40. ಪೆನ್ಸಿಲ್ ಗೀಟು ಎಲ್ಲ ಕಡೆ ಅಳಿಸುವ ತನಕ ಪಾಸ್ ಹಾಕುತ್ತಾ ಹೋಗಿ. ಎಂಡಿಎಫ್ ಧೂಳು ತುಂಬಾ ಸಣ್ಣದು, ಪುಪ್ಪುಸಕ್ಕೆ ಒಳ್ಳೆಯದಲ್ಲ. ಮಾಸ್ಕ್ ಮತ್ತು ಕನ್ನಡಕ ಕಡ್ಡಾಯ ಎಂದುಕೊಳ್ಳಿ.

ಮುಗಿದ ಮೇಲೆ ಬೆರಳು ಆಡಿಸಿ. ಪಾಸ್‌ಗಳ ನಡುವೆ ಮೆಟ್ಟಿಲಿನಂಥ ಏಣು ಸಿಕ್ಕರೆ ಸ್ಪಿಂಡಲ್ ನೆಟ್ಟಗಿಲ್ಲ, ಓರೆಯಾಗಿದೆ. ಕಾಲೆಟ್‌ಗೆ ಒಂದು ಬಾಗಿದ ಕಡ್ಡಿ ಹಾಕಿ, ಅದರ ತುದಿಗೆ ಡಯಲ್ ಗೇಜ್ ಕಟ್ಟಿ, ಕೈಯಿಂದ ವೃತ್ತ ತಿರುಗಿಸಿ ನೋಡಿ. 200 ಮಿ.ಮೀ. ವ್ಯಾಸದ ವೃತ್ತದಲ್ಲಿ ಎದುರು ಬದುರು 0.2 ಮಿ.ಮೀ. ವ್ಯತ್ಯಾಸ ಇದ್ದರೆ 25 ಮಿ.ಮೀ. ಬಿಟ್‌ನ ಅಡಿಯಲ್ಲಿ ಅದು 0.025 ಮಿ.ಮೀ. ಆಗುತ್ತದೆ. ಮೌಂಟ್‌ನ ಹಿಂದೆ ತೆಳು ತಗಡು ಕೊಟ್ಟು ಸರಿಮಾಡಿ, ಆಮೇಲೆ ಕೊನೆಯ ಪಾಸ್ ಹಾಕಿ.

3018 ಎಂಬ ಚಿಕ್ಕ ಮಾದರಿಯ ತರಹದ ಯಂತ್ರಗಳಲ್ಲಿ ಸ್ಪಿಂಡಲ್ ಓಡುವುದು ಎರಡು ತುದಿಯಲ್ಲಿ ಮಾತ್ರ ಆಧಾರವಿರುವ ದುಂಡು ಕಂಬಿಗಳ ಮೇಲೆ. ಸ್ಪಿಂಡಲ್ ನಡುವೆ ಬಂದಾಗ ಅವು ಭಾರಕ್ಕೆ ತಗ್ಗುತ್ತವೆ, ಹಾಗಾಗಿ ನಡುವೆ ಆಳ ಹೆಚ್ಚು. ಬೋರ್ಡನ್ನು ಸಮ ಮಾಡಿದಾಗ ಈ ತಗ್ಗೂ ಅದರಲ್ಲಿ ಅಚ್ಚಾಗುವುದರಿಂದ ತೊಂದರೆ ಬಹುಪಾಲು ಹೋಗುತ್ತದೆ. ಉದ್ದ ಎರಡು ಪಟ್ಟಾದರೆ ಕಂಬಿ ಬಾಗುವುದು 8 ಪಟ್ಟಾಗುತ್ತದೆ. ಯಂತ್ರವನ್ನು ಸುಮ್ನೆ ಉದ್ದ ಮಾಡಲು ಹೊರಟವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 10 ಮಿ.ಮೀ. ಬದಲು 12 ಮಿ.ಮೀ. ದಪ್ಪದ ಕಂಬಿ ಹಾಕಿದರೆ ಬಾಗುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇನ್ನು ಮರ. ಪ್ಲೈವುಡ್ ಮೇಲೆ ಬರೆದ ದಪ್ಪವೇ ನಿಜವಾದ ದಪ್ಪವಲ್ಲ, ಒಂದೇ ಹಾಳೆಯಲ್ಲೂ ಅದು ಹೆಚ್ಚು ಕಡಿಮೆ ಇರುತ್ತದೆ. ಹಲಗೆಯನ್ನು ಅಂಚುಗಳಲ್ಲಿ ಮಾತ್ರ ಕ್ಲಾಂಪ್ ಮಾಡಿದರೆ ನಡುವೆ ಉಬ್ಬಿ ನಿಲ್ಲುತ್ತದೆ. ಬೆರಳಿನಿಂದ ನಡುವೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾಳಿ ಇದೆ. ಅಪ್‌ಕಟ್ ಬಿಟ್ ಅದನ್ನು ಇನ್ನಷ್ಟು ಮೇಲೆ ಎಳೆದು ಆಳ ಹೆಚ್ಚಿಸುತ್ತದೆ. ತೆಳು ಹಲಗೆಗೆ ಕ್ಲಾಂಪ್‌ಗಿಂತ ಅಡಿ ಪೂರ್ತಿ ಹಿಡಿಯುವ ವಿಧಾನ ಒಳ್ಳೆಯದು. ಬೋರ್ಡಿಗೂ ಹಲಗೆಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ಟೇಪ್‌ಗಳ ನಡುವೆ ಸೂಪರ್ ಗ್ಲೂ ಹಾಕಿ ಒತ್ತುವುದು ನನಗೆ ಮೆಚ್ಚಿನ ಉಪಾಯ. ಹಿಡಿತ ಗಟ್ಟಿ, ಕೀಳುವುದು ಸುಲಭ.

ಸೊನ್ನೆ ಎಲ್ಲಿ ತೆಗೆದುಕೊಳ್ಳುತ್ತೀರಿ ಎಂಬುದೂ ಕೆಲಸಕ್ಕೆ ತಕ್ಕ ಹಾಗೆ ಇರಲಿ. ಪೂರ್ತಿ ಕತ್ತರಿಸಿ ತೆಗೆಯುವ ಕೆಲಸಕ್ಕೆ ಸ್ಪಾಯಿಲ್‌ಬೋರ್ಡ್ ಮೇಲೆ ಸೊನ್ನೆ ತೆಗೆದುಕೊಳ್ಳಿ. ಹಲಗೆ ಎಷ್ಟೇ ದಪ್ಪವಿದ್ದರೂ ಕೊನೆಯ ಪಾಸ್ ತಳಕ್ಕೆ ಸರಿಯಾಗಿ ಮುಟ್ಟುತ್ತದೆ. ಅಕ್ಷರ ಕೆತ್ತುವುದಕ್ಕೆ ಹಲಗೆಯ ಮೇಲ್ಮೈ ಮೇಲೆ ತೆಗೆದುಕೊಳ್ಳಿ.

ಪ್ರೋಬ್ ಮತ್ತು ಫೈಲ್

ಪ್ರೋಬ್ ಪ್ಲೇಟ್‌ನ ದಪ್ಪ ತಪ್ಪು ಬರೆದಿದ್ದರೆ ಆಳ ಪ್ರತಿ ಸಲವೂ ಅಷ್ಟೇ ತಪ್ಪುತ್ತದೆ. ಒಂದೊಂದು ಸಲ ಒಂದೊಂದು ಥರ ಎಂದರೆ ಪ್ಲೇಟ್ ಅಡಿಯಲ್ಲಿ ಚಕ್ಕೆ ಇದೆ, ಕ್ಲಿಪ್ ಸರಿಯಾಗಿ ಹಿಡಿದಿಲ್ಲ ಅಥವಾ ಪ್ರೋಬ್ ವೇಗ ಜಾಸ್ತಿ. ಏನನ್ನೂ ಅಲುಗಿಸದೆ ಒಂದೇ ಜಾಗದಲ್ಲಿ ಹತ್ತು ಸಲ ಪ್ರೋಬ್ ಮಾಡಿ ಯಂತ್ರದ ಸಂಖ್ಯೆ ಬರೆದುಕೊಳ್ಳಿ. ಅವು 0.02 ಮಿ.ಮೀ. ಒಳಗೆ ಇರಬೇಕು. ಮೊದಲು ವೇಗವಾಗಿ ಮುಟ್ಟಿ, 1-2 ಮಿ.ಮೀ. ಎತ್ತಿ, ಎರಡನೆಯ ಸಲ ನಿಮಿಷಕ್ಕೆ 25 ಮಿ.ಮೀ. ವೇಗದಲ್ಲಿ ಮುಟ್ಟುವುದು ಒಳ್ಳೆಯ ಪದ್ಧತಿ. ಸ್ಪಿಂಡಲ್ ನಿಂತಿರಲಿ.

ಫೈಲ್ ನೋಡುವುದು ಎರಡು ನಿಮಿಷದ ಕೆಲಸ. ಜಿ-ಕೋಡ್ (ಯಂತ್ರಕ್ಕೆ ಕೊಡುವ ಆದೇಶಗಳ ಫೈಲ್) ಅನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಝಡ್ ಬೆಲೆಗಳನ್ನು ಹುಡುಕಿ. ಎರಡು ಜಾಗದಲ್ಲಿ ಒಂದೇ ಬೆಲೆ ಇದ್ದೂ ಮರದಲ್ಲಿ ಬೇರೆ ಆಳ ಬಂದಿದ್ದರೆ ಫೈಲ್ ನಿರಪರಾಧಿ. ಬೇರೆ ಬೇರೆ ಬೆಲೆ ಇದ್ದರೆ ಆ ಫೈಲ್ ತಯಾರಿಸುವ ಕ್ಯಾಮ್ ಸಾಫ್ಟ್‌ವೇರ್‌ನಲ್ಲಿ ಟ್ಯಾಬ್ (ತುಂಡು ಕಳಚದಂತೆ ಬಿಡುವ ಸೇತುವೆ), ಓರೆಯಾಗಿ ಇಳಿಯುವ ರ‍್ಯಾಂಪ್ ಅಥವಾ ಫಿನಿಶಿಂಗ್‌ಗೆ ಉಳಿಸುವ ಮರದ ಆಯ್ಕೆ ಆನ್ ಆಗಿರಬಹುದು.

ಕೊರೆಯುವಾಗಲೂ ಆಳ ಬದಲಾಗುತ್ತದೆ. ಮೊಂಡಾದ ಬಿಟ್ ಮರವನ್ನು ಕತ್ತರಿಸುವ ಬದಲು ಒತ್ತುತ್ತದೆ, ಇಡೀ ಗ್ಯಾಂಟ್ರಿ ಮೇಲೆ ಏಳುತ್ತದೆ. ಮರದ ಗಂಟು ಇರುವ ಕಡೆ ಆಳ ಕಡಿಮೆಯಾದರೆ ಇದೇ ಕಾರಣ. ಬಿಟ್ ಬದಲಾಯಿಸಿ, ಪಾಸ್ ಆಳ ಇಳಿಸಿ, ಕೊನೆಗೆ 0.2 ಮಿ.ಮೀ. ಮಾತ್ರ ತೆಗೆಯುವ ಒಂದು ಪಾಸ್ ಇಡಿ. ಕೊನೆಯ ಪಾಸ್‌ನಲ್ಲಿ ಒತ್ತಡ ಕಮ್ಮಿ, ಬಾಗುವುದೂ ಕಮ್ಮಿ.

ವಿ-ಬಿಟ್ ಮತ್ತು ಪಿಸಿಬಿ ಮಾಡುವವರಿಗೆ

ನೇರ ಬಿಟ್‌ನಲ್ಲಿ 0.2 ಮಿ.ಮೀ. ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೊನೆ ಚೂಪಾದ ವಿ-ಬಿಟ್‌ನಲ್ಲಿ ಗೀಟಿನ ಅಗಲವೇ ಬದಲಾಗುತ್ತದೆ. 90 ಡಿಗ್ರಿ ಬಿಟ್‌ನಲ್ಲಿ 0.2 ಮಿ.ಮೀ. ಆಳ ತಪ್ಪಿದರೆ ಅಗಲ 0.4 ಮಿ.ಮೀ. ತಪ್ಪುತ್ತದೆ. 60 ಡಿಗ್ರಿಯಲ್ಲಿ 0.23, 30 ಡಿಗ್ರಿಯಲ್ಲಿ 0.11. ತೆಳು ಅಕ್ಷರಗಳು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಕಾಣುವುದು ಇದಕ್ಕೇ. ಇಂಥ ಕೆಲಸಕ್ಕೆ ಮೊದಲು ಹಲಗೆಯ ಮೇಲ್ಮೈಯನ್ನೇ ಒಂದು ಪಾಸ್ ಸಮ ಮಾಡಿಕೊಂಡು, ಅದರ ಮೇಲೆ ಸೊನ್ನೆ ತೆಗೆದು ಕೆತ್ತಿ. ಹಲಗೆಯ ಬಂಧ ಬಿಚ್ಚಬಾರದು.

ಪಿಸಿಬಿಯಲ್ಲಿ, ಅಂದರೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡಿನಲ್ಲಿ, ತಾಮ್ರದ ಪದರ ಸಾಮಾನ್ಯವಾಗಿ 0.035 ಮಿ.ಮೀ. ಮಾತ್ರ. ಅಷ್ಟು ತೆಳುವಿಗೆ ಯಾವ ಬೆಡ್ ಸಮ ಮಾಡಿದರೂ ಸಾಲದು. ಇಲ್ಲಿ ಹೈಟ್ ಮ್ಯಾಪ್ ಬಳಸಿ. ಕ್ಯಾಂಡಲ್, ಬಿಸಿಎನ್‌ಸಿ ಮೊದಲಾದ ಸಾಫ್ಟ್‌ವೇರ್‌ಗಳು ಬೋರ್ಡಿನ ಮೇಲೆ ಚೌಕುಳಿಯಾಗಿ ಹಲವು ಜಾಗದಲ್ಲಿ ಪ್ರೋಬ್ ಮಾಡಿ, ತಗ್ಗು ಉಬ್ಬುಗಳಿಗೆ ತಕ್ಕಂತೆ ಝಡ್ ಅನ್ನು ತಿದ್ದುತ್ತವೆ. 10 ಮಿ.ಮೀ. ಅಂತರ ಸಾಕು. ಆದರೆ ಸಡಿಲವನ್ನು ಹೈಟ್ ಮ್ಯಾಪ್ ಸರಿಮಾಡಲಾರದು. ಸಡಿಲವಿರುವ ಯಂತ್ರ ಪ್ರೋಬ್ ಮಾಡುವಾಗ ಒಂದು ಸಂಖ್ಯೆ, ಕೊರೆಯುವಾಗ ಇನ್ನೊಂದು ಸಂಖ್ಯೆ ಹೇಳುತ್ತದೆ. ಸ್ಪಿಂಡಲ್ ಅನ್ನು ಕೆಲವು ನಿಮಿಷ ಓಡಿಸಿ ಬಿಸಿ ಮಾಡಿ, ನಿಲ್ಲಿಸಿ, ಕೂಡಲೇ ಪ್ರೋಬ್ ಮಾಡಿ. 100 ಮಿ.ಮೀ. ಉದ್ದದ ಅಲ್ಯೂಮಿನಿಯಂ 20 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 0.046 ಮಿ.ಮೀ. ಬೆಳೆಯುತ್ತದೆ. ತಾಮ್ರದ ಪದರಕ್ಕಿಂತ ಅದು ಜಾಸ್ತಿ.

ಎಲ್ಲ ಸರಿಮಾಡಿದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸಲವೂ ಪರೀಕ್ಷೆ ಮಾಡಿ. ಕಪ್ಲರ್ ಬಿಗಿದು, ವೇಗ ಇಳಿಸಿ, ಬೋರ್ಡೂ ಕೆತ್ತಿ ಒಟ್ಟಿಗೆ ನೋಡಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತೇ ಆಗುವುದಿಲ್ಲ.

ಕೊನೆಯ ಪರೀಕ್ಷೆಗೆ, ಈಗಷ್ಟೇ ಸಮ ಮಾಡಿದ ಎಂಡಿಎಫ್ ತುಂಡಿನಲ್ಲಿ ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಚೌಕ ಕೊರೆಯಿರಿ. ಪ್ರತಿಯೊಂದೂ 15 ಮಿ.ಮೀ. ಅಗಲ, 1 ಮಿ.ಮೀ. ಆಳ. ಒಂಬತ್ತೂ ಮುಗಿದ ಮೇಲೆ ಮೊದಲನೆಯದರ ಪಕ್ಕದಲ್ಲೇ ಹತ್ತನೆಯದನ್ನು ಕೊರೆಯಿರಿ. ಒಂಬತ್ತರ ನಡುವಿನ ವ್ಯತ್ಯಾಸ ಜಾಗದ ತಪ್ಪನ್ನು ತೋರಿಸುತ್ತದೆ. ಮೊದಲನೆಯದಕ್ಕೂ ಹತ್ತನೆಯದಕ್ಕೂ ಇರುವ ವ್ಯತ್ಯಾಸ ಹೊತ್ತಿನ ತಪ್ಪನ್ನು ತೋರಿಸುತ್ತದೆ. ಮರದ ಕೆಲಸಕ್ಕೆ ಎರಡೂ 0.1 ಮಿ.ಮೀ. ಒಳಗೆ ಇದ್ದರೆ ಈ ಬಗೆಯ ಯಂತ್ರದಲ್ಲಿ ಅದು ಒಳ್ಳೆಯ ಫಲಿತಾಂಶ. ಅಳತೆಗಳನ್ನು ಆ ತುಂಡಿನ ಮೇಲೆಯೇ ತಾರೀಖಿನ ಜೊತೆ ಬರೆದು ಯಂತ್ರದ ಪಕ್ಕ ಇಟ್ಟುಕೊಳ್ಳಿ, ಮುಂದೆ ಬೋರ್ಡ್ ಬದಲಾಯಿಸಿದಾಗ ಹೋಲಿಸಲು ಬೇಕಾಗುತ್ತದೆ.